ಪ್ರಮಾಣ ಮಾಡದವಳ ಮಾತು

ಮೂಡಬಿದಿರೆಯಿಂದ ಬಂಟ್ವಾಳದ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕುವುದು ಒಂದು ಸುಖ. ಆದರೆ ಆ ಸೀಟಿನಲ್ಲಿ ಕುಳಿತವಳು ದೇವರನ್ನು ನಂಬದವಳಾಗಿದ್ದರೆ ಆ ಸುಖದೊಳಗೊಂದು ಸಣ್ಣ ಮುಳ್ಳೂ ಇರುತ್ತದೆ. ದಾರಿಯುದ್ದಕ್ಕೂ ಬಸದಿ, ದೇವಸ್ಥಾನ, ದೈವದ ಗುಡಿ, ಮರದ ಬುಡದ ನಾಗನ ಕಲ್ಲು; ಒಂದೊಂದು ಎದುರಾದಾಗಲೂ ಬಸ್ಸಿನೊಳಗಿನ ಕೈಗಳೆಲ್ಲ ಒಟ್ಟಿಗೆ ಮೇಲೇಳುತ್ತಿದ್ದವು, ಡ್ರೈವರನ ಒಂದು ಕೈ ಸಹ ಸ್ಟಿಯರಿಂಗು ಬಿಟ್ಟು ಎದೆಗೂ ಹಣೆಗೂ ಹೋಗಿ ಬರುತ್ತಿತ್ತು. ಪಕ್ಕದಲ್ಲಿ ಕುಳಿತ ಹೆಂಗಸು ತನ್ನ ನಮಸ್ಕಾರ ಮುಗಿಸಿ, ನನ್ನ ಮಡಿಲಲ್ಲಿ ಸುಮ್ಮನೆ ಬಿದ್ದುಕೊಂಡಿದ್ದ ಕೈಗಳನ್ನು ಕಂಡು, ನನಗೆ ತೂಕಡಿಕೆ ಬಂದಿರಬೇಕೆಂದು ಮೊಣಕೈಯಿಂದ ಮೆಲ್ಲಗೆ ತಿವಿಯುತ್ತಿದ್ದಳು. "ದೇವಸ್ಥಾನ ಬಂತು ಅಕ್ಕ," ಅನ್ನುತ್ತಿದ್ದಳು, ಇಳಿಯುವ ಜಾಗ ಬಂತು ಅನ್ನುವಷ್ಟೇ ಕಾಳಜಿಯಿಂದ. ನಾನು ತಲೆಯಾಡಿಸಿ ಕಿಟಕಿಯ ಹೊರಗೆ ನೋಡುತ್ತಿದ್ದೆ.

ಆ ತಿವಿತದಿಂದ ನೋವಾಗುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಯಾಕೆ ಸಿಟ್ಟು ಎಂದು ಆಗ ನೀವು ಕೇಳಿದ್ದರೆ ಮೌಢ್ಯ, ವಿಜ್ಞಾನ, ವಿಚಾರಶಕ್ತಿ ಎಂದು ದೊಡ್ಡ ಮಾತುಗಳ ಸಂತೆಯನ್ನೇ ನೆರೆಸುತ್ತಿದ್ದೆ. ಈಗ ಕೂದಲು ನರೆತಿದೆ, ಮಾತು ಸಣ್ಣದಾಗಿದೆ. ನಂಬದವರಿಗೆ ನಂಬುವವರ ಮೇಲೆ ಹುಟ್ಟುವ ಈ ಸಿಡಿಮಿಡಿಯಲ್ಲಿ ದೇವರ ಪಾಲು ಬಹಳ ಕಡಿಮೆ, ಮನುಷ್ಯರದೇ ಹೆಚ್ಚು ಎಂದು ತೋರುತ್ತದೆ. ಇಲ್ಲದವನ ಮೇಲೆ ಯಾರಾದರೂ ಯಾಕೆ ಮುನಿದುಕೊಳ್ಳಬೇಕು ಹೇಳಿ.

ನಾನು ಹುಟ್ಟಿದ್ದು ಮೂಡಬಿದಿರೆಯ ಒಂದು ಜೈನರ ಮನೆಯಲ್ಲಿ. ಸೂರ್ಯ ಮುಳುಗುವ ಮೊದಲೇ ಊಟ, ಬಟ್ಟೆಯಲ್ಲಿ ಸೋಸಿದ ನೀರು, ಬೆಳಗಾದರೆ ಬಸದಿ. ಲೋಕವನ್ನು ಸೃಷ್ಟಿಸಿದವನೊಬ್ಬನಿದ್ದಾನೆಂದು ನಮ್ಮ ಮನೆಯ ಧರ್ಮವೇ ಹೇಳುವುದಿಲ್ಲ, ಆದ್ದರಿಂದ ನಾಸ್ತಿಕಳಾಗಲು ನಾನು ಬಹಳ ದೂರ ನಡೆಯಬೇಕಾಗಲಿಲ್ಲ ಎಂದು ತಮಾಷೆ ಮಾಡಿದರೆ ಅಮ್ಮ ನಗುತ್ತಿರಲಿಲ್ಲ. "ಹೊಸ್ತಿಲು ದಾಟಿದ್ದೀಯಲ್ಲ, ಅದು ದೂರವೇ," ಅನ್ನುತ್ತಿದ್ದರು. ನಂಬಿಕೆ ನನ್ನನ್ನು ಬಿಟ್ಟುಹೋದದ್ದು ಯಾವ ದುಃಖದಿಂದಲೂ ಅಲ್ಲ, ಯಾವ ಪುಸ್ತಕದಿಂದಲೂ ಅಲ್ಲ. ಹಾಲುಹಲ್ಲು ಉದುರಿದಂತೆ ಅದು ಒಂದು ದಿನ ಇರಲಿಲ್ಲ, ಅಷ್ಟೆ. ಅಮ್ಮ ನನಗಾಗಿ ಬಸದಿಯಲ್ಲಿ ಹೆಚ್ಚಿನ ಒಂದು ಸುತ್ತು ಬರುವುದನ್ನು ಮಾತ್ರ ನಿಲ್ಲಿಸಲಿಲ್ಲ.

ನಂಬದವರ ಪಾಡು ಏನೆಂದರೆ, ಅವರ ಮನಸ್ಸಿನ ಸಮಾಚಾರ ಅವರೊಬ್ಬರನ್ನು ಬಿಟ್ಟು ಊರಿಗೆಲ್ಲ ಗೊತ್ತಿರುತ್ತದೆ. "ನಿಮ್ಮ ಒಳಗೆ ದೇವರಿದ್ದಾರೆ ಟೀಚರ್, ನಿಮಗೆ ಗೊತ್ತಿಲ್ಲ ಅಷ್ಟೆ," ಎಂದು ಎಷ್ಟೋ ಮಂದಿ ಬಹಳ ಪ್ರೀತಿಯಿಂದ ನನಗೆ ಹೇಳಿದ್ದಾರೆ. ಒಮ್ಮೆ ನನಗೆ ಜ್ವರ ಬಂದು ಹಾಸಿಗೆ ಹಿಡಿದೆ. ಜ್ವರ ಬಂದದ್ದು ನಾನು ನಂಬದ ಕಾರಣಕ್ಕೆ, ಬಿಟ್ಟದ್ದು ಅಮ್ಮನ ಪ್ರಾರ್ಥನೆಯ ದೆಸೆಯಿಂದ ಎಂದು ತೀರ್ಮಾನವಾಯಿತು. ನಡುವೆ ಬಂಟ್ವಾಳದ ಡಾಕ್ಟರರು ಕೊಟ್ಟ ಕಹಿ ಮಿಕ್ಸ್ಚರನ್ನು ಮೂಗು ಹಿಡಿದು ಕುಡಿದವಳು ನಾನು, ಆದರೆ ಆ ಕಥೆಯಲ್ಲಿ ಮಿಕ್ಸ್ಚರಿಗೂ ಜಾಗವಿರಲಿಲ್ಲ, ನನಗೂ ಇರಲಿಲ್ಲ. ಒಳ್ಳೆಯದೆಲ್ಲ ಮೇಲಿನವನ ಲೆಕ್ಕಕ್ಕೆ, ಕೆಟ್ಟದ್ದೆಲ್ಲ ನನ್ನ ತಲೆಗೆ. ಆದರೂ ಇವೆಲ್ಲ ಸೊಳ್ಳೆ ಕಚ್ಚಿದ ಹಾಗೆ, ಕೆರೆದುಕೊಂಡರೆ ಮುಗಿಯಿತು. ನಿಜವಾಗಿ ನೋಯಿಸಿದ್ದು ಇನ್ನೊಂದು, ಅದನ್ನು ಹೇಳಬೇಕೆಂದೇ ನಿಮ್ಮನ್ನು ಇಷ್ಟು ಹೊತ್ತು ಕೂರಿಸಿಕೊಂಡಿದ್ದೇನೆ.

ಐವತ್ತರ ದಶಕ ಮುಗಿಯುತ್ತ ಬಂದ ಕಾಲ. ವಾಮದಪದವಿನ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಟೀಚರ್, ಶಾಲೆಗೆ ತಾಗಿದ ಕೋಣೆಯಲ್ಲೇ ನನ್ನ ಬಿಡಾರ. ಪಕ್ಕದ ಮನೆ ಅಪ್ಪಿಯಕ್ಕನದು; ಗಂಡನಿಲ್ಲದ ಆಕೆಗೆ ಬೊಳ್ಳಿ ಎಂಬ ಒಂದು ಹಸುವೇ ಆಧಾರ, ಅದರ ಹಾಲನ್ನು ನಾಲ್ಕು ಮನೆಗೂ ಪೇಟೆಯ ಚಾ ಹೋಟೆಲಿಗೂ ಕೊಟ್ಟು ಬದುಕು ಸಾಗಿಸುತ್ತಿದ್ದಳು. ಒಂದು ದಸರಾ ರಜೆಯಲ್ಲಿ ಅಪ್ಪಿಯಕ್ಕ ತಂಗಿಯ ಮನೆಗೆಂದು ನರಿಕೊಂಬಿಗೆ ಹೋಗಿದ್ದಾಗ, ಬೊಳ್ಳಿ ಮಳೆಗೆ ಹೆದರಿ ಶಾಲೆಯ ಜಗಲಿ ಹತ್ತಿ ಅಲ್ಲೇ ಕರು ಹಾಕಿತು. ನಾನು ಒಳಗಿಂದ ಗೋಣಿ ತರುವಷ್ಟರಲ್ಲಿ ಒಂದು ಬೀದಿನಾಯಿ ಕರುವಿನ ಬಾಲ ಕಚ್ಚಿ ಎಳೆಯುತ್ತಿತ್ತು. ಕೊಡೆಯಿಂದ ಬಡಿದು ನಾಯಿಯನ್ನು ಓಡಿಸಿದೆ, ಆದರೆ ಬಾಲದ ತುದಿ ಹೋಗಿತ್ತು. ಎಣ್ಣೆ ಅರಿಶಿನ ಹಚ್ಚಿ, ಹಳೆಯ ಸೀರೆಯ ಅಂಚು ಹರಿದು ಕಟ್ಟಿದೆ. ಸಂಜೆ ಊರಿಗೆ ಮರಳಿದ ಅಪ್ಪಿಯಕ್ಕ ಬಾಲಕ್ಕೆ ಪಟ್ಟಿ ಕಟ್ಟಿಸಿಕೊಂಡು ನಿಂತ ಹೆಣ್ಣುಕರುವನ್ನು ನೋಡಿ ಅತ್ತಳು, ಆಮೇಲೆ ನಕ್ಕಳು.

ಕರು ಬೆಳೆದು ಕಡಸಾಯಿತು, ಬೊಳ್ಳಿಗೆ ವಯಸ್ಸಾಗಿ ಹಾಲು ಬತ್ತಿತು. ಇನ್ನು ಆ ಕಡಸೇ ಅಪ್ಪಿಯಕ್ಕನ ನಾಳೆ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬಹುದು: ಕೊನೆಯ ಕೊಯ್ಲು ಮುಗಿದ ಮೇಲೆ ದನಗಳನ್ನು ಹಗ್ಗ ಬಿಚ್ಚಿ ಗುಡ್ಡಕ್ಕೆ ಬಿಡುತ್ತಾರೆ, ಮಳೆ ಹಿಡಿದಾಗ ಅವು ಹಟ್ಟಿಗೆ ಮರಳುತ್ತವೆ. ಆ ವರ್ಷ ಬೇಸಗೆಯ ನಡುವೆ ಕೊರಗಪ್ಪಣ್ಣ ಎಂಬ ಬೇಸಾಯಗಾರರ ಒಂದು ಕಡಸು ಗುಡ್ಡದಲ್ಲಿ ಕಾಣೆಯಾಯಿತು. ಊರಿನ ದೈವಕ್ಕೆ ಅವರಷ್ಟು ನಡೆದುಕೊಳ್ಳುವವರು ಬೇರೆ ಇರಲಿಲ್ಲ. ಕಡಸು ಸಿಕ್ಕಿದರೆ ಒಂದು ತಂಬಿಲ ಕೊಡುತ್ತೇನೆ, ಅಂದರೆ ಮನೆಯವರೇ ನಿಂತು ದೈವಕ್ಕೊಂದು ಸೇವೆ ನಡೆಸುತ್ತೇನೆ, ಎಂದು ಹರಕೆ ಹೇಳಿಕೊಂಡರು. ಮಳೆ ಬಂತು. ಅವರ ದನಗಳ ಹಿಂಡಿನೊಂದಿಗೆ, ಕಳೆದುಹೋದದ್ದರ ಹಾಗೆಯೇ ಇದ್ದ ಒಂದು ಕಂದು ಕಡಸು ಹಟ್ಟಿಗೆ ಬಂತು. ತಂಬಿಲವಾಯಿತು, ಊರಿಗೆ ಅವಲಕ್ಕಿ ಬೆಲ್ಲದ ಪ್ರಸಾದ ಹಂಚಿದರು. ಅಪ್ಪಿಯಕ್ಕನೂ ಕೈಯೊಡ್ಡಿ ತಿಂದಳು, ನಾನೂ ತಿಂದೆ. ತನ್ನ ಕಡಸು ಇನ್ನೂ ಯಾಕೆ ಮರಳಲಿಲ್ಲವೆಂದು ಹುಡುಕುತ್ತ ಹೊರಟ ಅಪ್ಪಿಯಕ್ಕ ಕೊರಗಪ್ಪಣ್ಣನ ಹಟ್ಟಿಯಲ್ಲಿ ತುಂಡು ಬಾಲವನ್ನು ಕಂಡದ್ದು ಅದಾದ ಮೇಲೆ.

ಕೊರಗಪ್ಪಣ್ಣ ಕಳ್ಳರಲ್ಲ, ಅದನ್ನು ಅಪ್ಪಿಯಕ್ಕನೂ ಹೇಳಲಿಲ್ಲ. ಬಾಲ ಗುಡ್ಡದಲ್ಲಿ ನರಿ ಕಚ್ಚಿ ತುಂಡಾಗಿರಬೇಕು ಎಂದು ಅವರು ನಂಬಿದ್ದರು, ಯಾಕೆಂದರೆ ಹರಕೆ ಹೇಳಿದ ಮೇಲೆ ಬಂದ ಕಡಸು ತಮ್ಮದಲ್ಲದೆ ಇನ್ನಾರದು? ದೈವ ಕೊಟ್ಟದ್ದನ್ನು ಹಿಂದಕ್ಕೆ ಕೊಟ್ಟರೆ ದೈವಕ್ಕೆ ಏನು ಹೇಳುವುದು? ಅಪ್ಪಿಯಕ್ಕ ಅತ್ತುಕೊಂಡು ನನ್ನ ಬಾಗಿಲಿಗೆ ಬಂದವಳು, ಅಳುವಿನ ನಡುವೆಯೇ, "ದೈವ ಅವರಿಗೇ ಕೊಟ್ಟಿದ್ರೆ ನಾನು ಏನು ಹೇಳುವುದು ಟೀಚರ್?" ಅಂದಳು. ನನಗೆ ಮೈಯೆಲ್ಲ ಉರಿಯಿತು. ಕಣ್ಣೆದುರು ಬಾಲವಿದೆ, ಬಾಲದ ಚರಿತ್ರೆ ನನಗೆ ಗೊತ್ತಿದೆ, ಆದರೂ ಕಡಸನ್ನು ಕಳೆದುಕೊಂಡವಳೇ ಅದು ಹೋದದ್ದು ನ್ಯಾಯವಿರಬಹುದೆಂದು ಅನುಮಾನಿಸುತ್ತಿದ್ದಾಳೆ. ಒಬ್ಬರ ಕೃತಜ್ಞತೆಗೆ ಇನ್ನೊಬ್ಬರ ಹಟ್ಟಿ ಬರಿದಾದರೂ ಯಾರೂ ಮಾತಾಡುವಂತಿಲ್ಲವೆಂದಾಗ ಬರುವ ಅಸಹಾಯಕತೆ ಇದೆಯಲ್ಲ, ನಾವು ನಂಬದವರು ಸಿಟ್ಟೆಂದು ಕರೆದುಕೊಳ್ಳುವುದು ಬಹುಮಟ್ಟಿಗೆ ಅದನ್ನೇ.

ಊರಿನ ಪಟೇಲರು ನ್ಯಾಯ ಹೇಳಲು ಕುಳಿತರು, ದೈವದ ಗುಡಿಯ ಅಂಗಳದಲ್ಲಿ, ಬೆಳಗಿನ ಹೊತ್ತಿನಲ್ಲಿ. ಕಡಸನ್ನು ತಂದು ಮರಕ್ಕೆ ಕಟ್ಟಿದ್ದರು. ಅಪ್ಪಿಯಕ್ಕನ ಕಡಸಿನ ಬಾಲ ಮೊದಲೇ ತುಂಡಾಗಿದ್ದುದನ್ನು ನೋಡಿದವರು ಯಾರಾದರೂ ಇದ್ದೀರಾ ಎಂದು ಕೇಳಿದರೆ ಯಾರೂ ಎದ್ದು ನಿಲ್ಲಲಿಲ್ಲ. ನೋಡಿದವರು ಇರಲಿಲ್ಲವೆಂದಲ್ಲ. ಅಲ್ಲಿ ಸಾಕ್ಷಿ ಹೇಳುವವರು ಅಂಗೈಯಲ್ಲಿ ಒಂದು ಹಿಡಿ ಅಕ್ಕಿ ಹಿಡಿದು, ಗುಡಿಯ ದೀಪದ ಎದುರು ನಿಂತು ಪ್ರಮಾಣ ಮಾಡಬೇಕಿತ್ತು. ನೆನಪಿನಲ್ಲಿ ಎಲ್ಲಾದರೂ ಕೂದಲೆಳೆಯಷ್ಟು ತಪ್ಪಿದರೂ ದೈವ ಬಿಡಲಿಕ್ಕಿಲ್ಲವೆಂಬ ಹೆದರಿಕೆಗೆ ನೆನಪಿದ್ದವರೂ ನೆಲ ನೋಡುತ್ತ ಕುಳಿತರು. ಸತ್ಯ ಹೊರಗೆ ಬರಲೆಂದು ಇಟ್ಟ ದೀಪ ಸತ್ಯವನ್ನು ಒಳಗೇ ಕೂರಿಸಿತ್ತು.

ನಾನು ಎದ್ದು ನಿಂತು ನಾಯಿ, ಕೊಡೆ, ಸೀರೆಯ ಅಂಚು ಎಲ್ಲವನ್ನೂ ಹೇಳಿದೆ. ಪಟೇಲರು ತಲೆದೂಗಿ, "ಸರಿ ಟೀಚರ್, ಇದನ್ನೇ ಅಕ್ಕಿ ಹಿಡಿದು ಹೇಳಿಬಿಡಿ," ಅಂದರು.

"ಹೇಳುವುದು ಹೇಳಿದ್ದೇನೆ ಪಟೇಲ್ರೇ. ಅಕ್ಕಿ ಹಿಡಿಯುವುದಿಲ್ಲ," ಅಂದೆ.

ಅಂಗಳದಲ್ಲಿ ಗುಸುಗುಸು ಎದ್ದಿತು. ಹಿಂದಿನಿಂದ ಯಾರೋ, "ನಂಬಿಕೆ ಇಲ್ಲದವರ ಮಾತಿಗೆ ಏನು ಆಧಾರ ಉಂಟು?" ಅಂದರು. ಹೇಳಿದವರು ನನ್ನನ್ನು ಬೈಯಲಿಲ್ಲ, ತಮಗೆ ನಿಜವಾಗಿ ಬಂದ ಸಂಶಯವನ್ನು ಹೇಳಿದರು, ಅದಕ್ಕೇ ಅದು ಆಳಕ್ಕೆ ಇಳಿಯಿತು. ಅವರ ಮಕ್ಕಳಿಗೆ ಅಕ್ಷರ ಕಲಿಸಿದವಳು ನಾನು, ಆ ಊರಿನಲ್ಲಿ ಒಂದು ಸುಳ್ಳನ್ನೂ ಹೇಳಿದವಳಲ್ಲ, ಆದರೂ ನನ್ನ ಮಾತು ಒಂದು ಹಿಡಿ ಅಕ್ಕಿಯಿಲ್ಲದೆ ತಕ್ಕಡಿಯಲ್ಲಿ ಮೇಲಕ್ಕೇ ನಿಂತಿತು. ಅಪ್ಪಿಯಕ್ಕ ಬಂದು ನನ್ನ ಕೈ ಹಿಡಿದುಕೊಂಡಳು. "ಒಂದು ಮಾತು ಹೇಳಿಬಿಡಿ ಟೀಚರ್, ನಿಮಗೆ ಏನು ಹೋಗ್ತದೆ?" ಅಂದಳು.

ಏನು ಹೋಗುತ್ತದೆ ಎಂದು ನಾನೂ ಯೋಚಿಸಿದೆ. ಹೇಳಬೇಕಾದ್ದು ನಿಜವೇ, ಅಕ್ಕಿ ಅಕ್ಕಿಯೇ, ದೀಪ ಎಣ್ಣೆ ಬತ್ತಿಯೇ. ಹಿಡಿದು ಹೇಳಿದ್ದರೆ ಆ ಗಳಿಗೆಯಲ್ಲೇ ಕಡಸು ಅಪ್ಪಿಯಕ್ಕನದಾಗುತ್ತಿತ್ತು. ಆದರೆ ನನಗೆ ಬರಿದಾದ ಮಾತನ್ನು ಅವರು ತುಂಬಿದ ಕೊಡವೆಂದು ಎರಡೂ ಕೈಯಲ್ಲಿ ತೆಗೆದುಕೊಳ್ಳುವುದನ್ನು ನೋಡುತ್ತ ನಿಲ್ಲುವುದು ಮೋಸವಲ್ಲದೆ ಮತ್ತೇನು? ಅವರ ದೈವದ ಮೇಲೆ ನನಗೆ ಭಯವಿರಲಿಲ್ಲ, ಅವರ ನಂಬಿಕೆಯ ಮೇಲೆ ಮರ್ಯಾದೆಯಿತ್ತು. ಅದನ್ನು ಅಲ್ಲಿ ಹೇಗೆ ವಿವರಿಸಲಿ? "ಇಲ್ಲ ಅಪ್ಪಿಯಕ್ಕ, ನಾನು ನಂಬುವುದಿಲ್ಲ. ನಂಬುವವಳ ಹಾಗೆ ನಿಂತು ಹೇಳಿದರೆ ಅದೊಂದು ಸುಳ್ಳಾಗ್ತದೆ," ಎಂದಷ್ಟೇ ಹೇಳಿದೆ. ಆಕೆ ಕೈ ಬಿಟ್ಟಳು. ನನ್ನ ಹಟಕ್ಕೆ ಆಕೆಯ ಅನ್ನವನ್ನು ಕಳೆದೆ ಅನ್ನಿಸಿತು.

ಪಟೇಲರು ಕೊರಗಪ್ಪಣ್ಣನ ಕಡೆ ತಿರುಗಿ, "ಹಾಗಾದರೆ ನೀನು ಪ್ರಮಾಣ ಮಾಡು, ಮುಗಿಸುವ," ಅಂದರು. ಕೊರಗಪ್ಪಣ್ಣ ದೀಪದ ಹತ್ತಿರ ಹೋಗಿ ಅಕ್ಕಿಯ ತಟ್ಟೆಗೆ ಕೈ ಹಾಕಿ, ಅಲ್ಲೇ ನಿಂತರು. ಆಮೇಲೆ ಕೈ ತೆಗೆದು ನಮ್ಮೆಲ್ಲರ ಕಡೆಗೆ ತಿರುಗಿದರು.

"ಪಟೇಲ್ರೇ, ಟೀಚರಿಗೆ ದೈವದ ಹೆದರಿಕೆ ಇಲ್ಲ ಅಂತ ಊರಿಗೇ ಗೊತ್ತುಂಟು. ಹೆದರಿಕೆ ಇಲ್ಲದವರಿಗೆ ಅಕ್ಕಿ ಹಿಡಿದು ಬೇಕಾದ್ದು ಹೇಳ್ಲಿಕ್ಕೆ ಏನು ಕಷ್ಟ? ಹೇಳಿ ಕಡಸು ಬಿಡಿಸಿಕೊಂಡು ಹೋಗಬಹುದಿತ್ತು. ಹೋಗ್ಲಿಲ್ಲ. ಇಲ್ಲದ ನಂಬಿಕೆಯನ್ನು ಉಂಟು ಅಂತ ತೋರಿಸ್ಲಿಕ್ಕೆ ಆಗದವರು ಬಾಲದ ವಿಷಯದಲ್ಲಿ ಸುಳ್ಳು ಹೇಳ್ತಾರಾ?"

"ಮತ್ತೆ ನಿನ್ನ ಹರಕೆ?" ಪಟೇಲರು ಕೇಳಿದರು.

"ಹರಕೆ ಸರಿಯೇ. ನನ್ನ ಕಡಸು ಕೊಡುವುದು, ಬಿಡುವುದು ದೈವಕ್ಕೆ ಸೇರಿದ್ದು. ಅಪ್ಪಿಯಕ್ಕನದ್ದನ್ನು ತಂದು ನನ್ನ ಹಟ್ಟಿಗೆ ಕಟ್ಟುವ ದೈವ ನಮ್ಮದಲ್ಲ. ಗುರುತು ಹಿಡಿದದ್ದು ನಾನು, ತಪ್ಪಿದ್ದೂ ನಾನು."

ಆ ಕ್ಷಣದ ಸಂತೋಷವನ್ನು ನಿಮಗೆ ಹೇಗೆ ಹೇಳಲಿ? ಕಾಲು ನೆಲದ ಮೇಲಿರಲಿಲ್ಲ. ನಂಬದವಳು ನಂಬದವಳಾಗಿಯೇ ಗೆದ್ದಿದ್ದಳು, ನಂಬಿದವರೂ ತಮ್ಮ ನಂಬಿಕೆಯ ಒಂದು ಎಳೆಯನ್ನೂ ಬಿಟ್ಟುಕೊಡದೆ ನನ್ನೊಂದಿಗೆ ಗೆದ್ದಿದ್ದರು. ಯಾರ ದೈವವೂ ಸೋಲದ, ಯಾರ ಬುದ್ಧಿಯೂ ಸೋಲದ ಅಂಥ ಗೆಲುವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಇಷ್ಟು ವರ್ಷ ನಾನು ಬಯಸುತ್ತಿದ್ದದ್ದು ಅವರು ದೇವರನ್ನು ಬಿಡಲಿ ಎಂದಲ್ಲ, ನನ್ನ ಮಾತನ್ನು ನನ್ನದೆಂದು ಎಣಿಸಲಿ ಎಂದು, ಇದು ಅಲ್ಲಿ ನಿಂತಾಗ ನನಗೆ ಸ್ಪಷ್ಟವಾಯಿತು.

ಆದರೆ ಊರು ಊರೇ ನೋಡಿ. ಕೊರಗಪ್ಪಣ್ಣ ಮರದಿಂದ ಹಗ್ಗ ಬಿಚ್ಚಿ ಅಪ್ಪಿಯಕ್ಕನ ಕೈಗೆ ಕೊಡುತ್ತಿರುವಾಗಲೇ ಗುಂಪಿನಿಂದ ಒಬ್ಬರು ಭಕ್ತಿಯಿಂದ ಗುಡಿಯ ಕಡೆ ಕೈಮುಗಿದು, "ನೋಡಿದಿರಾ, ದೈವವೇ ಟೀಚರ ಬಾಯಲ್ಲಿ ನಿಂತು ಹೇಳಿತು," ಅಂದರು. ಹೌದು ಹೌದೆಂದು ಹಲವು ತಲೆಗಳು ಆಡಿದವು. ಜ್ವರದ ಕಾಲದ ಆ ಮಿಕ್ಸ್ಚರಿನ ಗತಿಯೇ ನನಗೆ ಮತ್ತೆ ಬಂತಲ್ಲ ಎಂದು, ನಗಬೇಕೋ ಸಿಡುಕಬೇಕೋ ತಿಳಿಯದೆ ನಾನು ಬಾಯಿ ತೆರೆಯುವಷ್ಟರಲ್ಲಿ ಕೊರಗಪ್ಪಣ್ಣ ಆ ಮನುಷ್ಯನ ಕಡೆ ತಿರುಗಿದರು.

"ದೈವಕ್ಕೆ ಹೇಳ್ಲಿಕ್ಕೆ ಇದ್ರೆ ದೈವವೇ ಹೇಳ್ತದೆ ಮಾರಾಯ," ಅಂದರು. "ಇದು ಟೀಚರ್ ಹೇಳಿದ್ದು."