ವಿವಿಡ್ ಮೋಡ್ ನುಂಗಿದ ಕರಿ ಎಳೆಗಳು

“ಗಿಳಿ ಬೇಡ. ಗಿಳಿ ತೆಗೀರಿ.”

ಈಚೆಗೆ ಸಾಗರದ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ನಿಂತು ನಾನು ಹೀಗೆ ಹೇಳಿದಾಗ ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಿಜವಾದ ಗಿಳಿಯಲ್ಲ. ಟಿವಿ ಮಾರುವ ಅಂಗಡಿಗಳಲ್ಲಿ ಸದಾ ಓಡುತ್ತಿರುತ್ತದಲ್ಲ, ಆ ವಿಡಿಯೋದ ಗಿಳಿ. ಕೆಂಪು ಗಿಳಿ ರೆಕ್ಕೆ ಬಿಚ್ಚುತ್ತದೆ, ನೀಲಿ ಮೀನು ಈಜುತ್ತದೆ, ಚಮಚದಿಂದ ಜೇನು ನಿಧಾನವಾಗಿ ಇಳಿಯುತ್ತದೆ. ಅದನ್ನು ಹಾಕಿ ತೋರಿಸಿದರೆ ಯಾವ ಡಬ್ಬಾ ಟಿವಿಯೂ ಚಂದವೇ. ಒಮ್ಮೆ ಆ ಗಿಳಿಗೆ ಮರುಳಾಗಿ ಕೆಟ್ಟಿದ್ದಾಗಿದೆ. ಇನ್ನೊಮ್ಮೆ ಕೆಡಲು ನಾನು ತಯಾರಿರಲಿಲ್ಲ.

ಮೊದಲಿಂದ ಹೇಳುತ್ತೇನೆ.

ನಮ್ಮ ಮನೆ ಕಾರ್ಗಲ್ಲಿನ ಕ್ವಾರ್ಟರ್ಸ್‌ನಲ್ಲಿ. ಮನೆಯವರಿಗೆ ಅಲ್ಲೇ ಕೆಲಸ. ನನ್ನ ಕೆಲಸ ಮನೆಯೊಳಗೆ: ಮದುವೆ ಪತ್ರಿಕೆ, ಸ್ಮರಣ ಸಂಚಿಕೆ, ಬ್ಯಾನರು ಇತ್ಯಾದಿಗಳ ಡಿಸೈನ್. (ಈ ಅಂಕಣದಿಂದಲೇ ಸಂಸಾರ ನಡೆಯುತ್ತದೆ ಎಂದು ತಿಳಿದವರು ದಯವಿಟ್ಟು ತಿದ್ದಿಕೊಳ್ಳಿ.) ಹೋದ ವರ್ಷ ನನ್ನ ಹಳೆಯ ಮಾನಿಟರ್ ಕಣ್ಣು ಮುಚ್ಚಿತು. ಹೊಸದೊಂದು ಬೇಕು ಅಂದೆ. ಅಷ್ಟೇ ನಾನು ಅಂದದ್ದು.

ನಮ್ಮ ಕಡೆ ಯಾವ ದೊಡ್ಡ ವಸ್ತುವನ್ನೂ ಒಬ್ಬರೇ ಹೋಗಿ ಕೊಳ್ಳುವುದಿಲ್ಲ. ಎಮ್ಮೆ ಕೊಳ್ಳುವಾಗ ಹಲ್ಲು ನೋಡಲು ಬಲ್ಲವರನ್ನು ಕರೆದೊಯ್ದ ಹಾಗೆ, ಫ್ರಿಜ್ಜಿಗೂ ಒಬ್ಬ ಬಲ್ಲವರು ಬೇಕು. ಹಾಗಾಗಿ ನನ್ನ ಮಾನಿಟರ್ ತರಲು ನನ್ನ ಜೊತೆ ಹೊರಟವರು ಮನೆಯವರು, ಅವರ ಸ್ನೇಹಿತ ಶ್ರೀಧರ, ಮತ್ತು ಪಕ್ಕದ ಕ್ವಾರ್ಟರ್ಸಿನ ಗಿರಿಜಕ್ಕ. ಶ್ರೀಧರನ ಅರ್ಹತೆ ಏನೆಂದರೆ ಅವನ ಮನೆಯಲ್ಲಿ ಎರಡು ಟಿವಿ ಇವೆ. ಗಿರಿಜಕ್ಕನಿಗೆ ಹೇಗೂ ಸಾಗರದಲ್ಲಿ ಕುಕ್ಕರಿನ ರಬ್ಬರ್ ಕೊಳ್ಳುವುದಿತ್ತು.

ಅಂಗಡಿಯವನು ಗಿಳಿ ಹಾರಿಸಿದ. ನನ್ನ ಕಡೆಯವರು ಮೂರೂ ಜನ ಬಾಯಿ ತೆರೆದು ನಿಂತರು.

“ಇದು ಎಷ್ಟು ಕೆ?” ಶ್ರೀಧರ ಕೇಳಿದ.

“ಫೋರ್ ಕೆ ಸರ್.”

“ಕೇಳಿದ್ಯನಾ? ಫೋರ್ ಕೆ ಅಂತೆ,” ಎಂದು ಅವನು ನಮ್ಮನೆಯವರ ಕಡೆ ತಿರುಗಿದ, ಮೊದಲಿಂದ ಅನುಮಾನಿಸುತ್ತಿದ್ದದ್ದು ಈಗ ಖಾತ್ರಿಯಾಯಿತು ಅನ್ನುವ ಧಾಟಿಯಲ್ಲಿ.

“ನನಗೆ ಬೇಕಾಗಿದ್ದು ಮಾನಿಟರ್,” ಅಂದೆ.

“ಇದ್ರಲ್ಲೇ ಆಗುತ್ತೆ ಅಕ್ಕಾ. ಒಂದು ಕೇಬಲ್ ಹಾಕಿದ್ರೆ ಮುಗೀತು,” ಅಂದ ಅಂಗಡಿಯವನು. ಮನೆಯವರು, “ನಿಂಗೂ ಆಯ್ತು, ಮನೆಗೂ ಆಯ್ತು. ಒಂದೇ ಕಡೆ ಎರಡೂ ಇದ್ರೆ ಎಂತ ತೊಂದರೆ?” ಅಂದರು. ತೊಂದರೆ ಏನೆಂದು ಆಗ ನನಗೂ ಹೇಳಲು ಬರಲಿಲ್ಲ. ನಲವತ್ಮೂರು ಇಂಚಿನ ಸ್ಮಾರ್ಟ್ ಟಿವಿ ನಮ್ಮ ಹಾಲಿನ ಗೋಡೆ ಏರಿತು.

ಬೆಳಗ್ಗೆ ಎಲ್ಲ ಅದು ನನ್ನದು. ಸಂಜೆಯಾದರೆ ಲೋಕದ್ದು. ಲೋಕವೆಂದರೆ ಮುಖ್ಯವಾಗಿ ಗಿರಿಜಕ್ಕ. ನಮ್ಮಲ್ಲಿ ಬಂದವರಿಗೆ ನೀರು ಕೊಟ್ಟು, ಬೆಲ್ಲ ಬೇಕಾ ಕೇಳಿ, ಟಿವಿ ಹಾಕಿ ಕೂರಿಸುವುದು ಮರ್ಯಾದೆ. ಅವರು ಕೂತಿರುವಾಗ ಟಿವಿ ಆರಿಸಿದರೆ ಎದ್ದು ಹೋಗಿ ಎಂದಂತೆ. ಪತ್ರಿಕೆಯೊಂದರ ಅರ್ಧ ಕೆಲಸದಲ್ಲಿ, ‘ಆಗಮನಾಭಿಲಾಷಿಗಳು’ ಎಂದು ಟೈಪ್ ಮಾಡುವ ಹೊತ್ತಿಗೆ ಸರಿಯಾಗಿ, ಅಭಿಲಾಷೆಯಿಂದ ಆಗಮಿಸಿದವರಿಗಾಗಿ ನಾನು ಎಷ್ಟು ಸಲ ಕೇಬಲ್ ಕಿತ್ತಿದ್ದೇನೋ ಲೆಕ್ಕವಿಲ್ಲ.

ಇದನ್ನೂ ಸಹಿಸಿಕೊಂಡಿದ್ದೆ. ಆಮೇಲೆ ಅಶ್ವಿನಿಯ ಕೆಲಸ ಬಂತು.

ಅಶ್ವಿನಿ ಹೊಸನಗರದ ಕಡೆಯವಳು, ನಗರ ಎಂಬ ಊರಿನ ಕೋಟೆ ದಾಟಿ ಸ್ವಲ್ಪ ಒಳಗೆ ಅವಳ ಹಳ್ಳಿ. ಶಾಲೆಯಲ್ಲಿ ಟೀಚರ್. ಮದುವೆ ಗೊತ್ತಾಗಿತ್ತು. ನಮ್ಮ ದೀವರ ಮನೆಗಳಲ್ಲಿ ಮದುವೆಗೆ ಹಸೆಗೋಡೆ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆಗಳ ಚಿತ್ತಾರ. ಅದರ ಮುಂದೆ ಗಂಡು ಹೆಣ್ಣನ್ನು ಕೂರಿಸುವುದು. ಈಗ ಮದುವೆ ಛತ್ರಕ್ಕೆ ಹೋಗಿದೆ. ಛತ್ರದ ಗೋಡೆಗೆ ಕೆಮ್ಮಣ್ಣು ಬಳಿಯಲು ಯಾರು ಬಿಡುತ್ತಾರೆ? ಹಾಗಾಗಿ ಚಿತ್ತಾರವನ್ನು ಬಟ್ಟೆಯ ಮೇಲೆ ದೊಡ್ಡದಾಗಿ ಪ್ರಿಂಟ್ ಮಾಡಿಸಿ ಹಿಂದೆ ಕಟ್ಟುತ್ತಾರೆ. ನನಗೆ ಅಂಥ ಕೆಲಸ ಹೊಸದಲ್ಲ.

ಆದರೆ ಅಶ್ವಿನಿ ಕೇಳಿದ್ದು ಯಾವುದೋ ಒಂದು ಚಿತ್ತಾರವಲ್ಲ. ಅವಳ ಅವ್ವ ಬರೆದದ್ದು. ಆ ತಾಯಿ ಈಗಿಲ್ಲ. ಬರೆದ ಗೋಡೆಯೂ ಇಲ್ಲ, ಮನೆ ರಿಪೇರಿಯಲ್ಲಿ ಒಡೆದು ಟೈಲ್ಸ್ ಹಾಕಿದ್ದಾರೆ. ಉಳಿದಿರುವುದು ಒಂದು ಫೋಟೋ. ಯಾರದೋ ಮದುವೆಯ ಹಿಂದಿನ ದಿನ, ಬೆಳಕು ಕಡಿಮೆಯಿದ್ದ ಜಗಲಿಯಲ್ಲಿ ತೆಗೆದದ್ದು. ಅದನ್ನು ನೋಡಿಕೊಂಡು ಎಳೆ ಎಳೆಯಾಗಿ ಕಂಪ್ಯೂಟರಿನಲ್ಲಿ ಮತ್ತೆ ಬರೆಯಬೇಕು.

“ಅವ್ವ ಹೆಂಗೆ ಬರ್ದಿದ್ಳೋ ಹಂಗೇ ಬರ್ಬೇಕು ಅಕ್ಕಾ. ಚಂದ ಮಾಡೋದು ಎಂತ ಬೇಡ,” ಅಂದಳು. ಇದಕ್ಕಿಂತ ಸ್ಪಷ್ಟವಾಗಿ ಯಾರಾದರೂ ಕೆಲಸ ಹೇಳಲು ಸಾಧ್ಯವೇ?

ಬಹಳ ಜಾಗ್ರತೆಯಿಂದ ಮಾಡಿದೆ. ನನ್ನ ಮಟ್ಟಿಗೆ ಅಂಥ ಒಳ್ಳೆಯ ಕೆಲಸ ಆ ವರ್ಷ ನಾನು ಮಾಡಿರಲಿಲ್ಲ. ಬಿಳಿ ಎಳೆ ಒಂದೂ ತಪ್ಪಿರಲಿಲ್ಲ. ಅವಳಿಗೆ ಕಳಿಸಿ ಹೊಗಳಿಕೆಗೆ ಕಾಯುತ್ತ ಕೂತೆ.

ಫೋನ್ ಬಂತು.

“ಅಕ್ಕಾ, ಕರಿ ಎಳೆ ಎಲ್ಲಿ?”

“ಯಾವ ಕರಿ ಎಳೆ?”

“ಎರಡು ಬಿಳಿ ಎಳೆ ನಡುವೆ ಅವ್ವ ಒಂದು ಕರಿ ಎಳೆ ಎಳೀತಿದ್ಳು. ಅಕ್ಕಿ ಹುರ್ದು ಕರಿ ಮಾಡಿ. ನಮ್ಮೂರಲ್ಲಿ ಅವಳೊಬ್ಬಳೇ ಹಂಗೆ ಮಾಡ್ತಿದ್ದಿದ್ದು. ಫೋಟೋದಲ್ಲಿ ಕಾಣ್ತದಲ್ಲ ಅಕ್ಕಾ, ನನ್ನ ಫೋನಲ್ಲಿ ಕಾಣ್ತದೆ.”

ನನ್ನ ಫೋನಿನಲ್ಲಿ ಅದೇ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಕಾಣುತ್ತಿತ್ತು. ಕೆಮ್ಮಣ್ಣಿನ ಕಂದು ನೆಲದ ಮೇಲೆ ಸಣ್ಣ ಕರಿ ಎಳೆ, ಉದ್ದಕ್ಕೂ. ತಲೆ ಎತ್ತಿ ಗೋಡೆಯ ಟಿವಿ ನೋಡಿದೆ. ಅಲ್ಲಿ ಕೆಂಪು ಧಗಧಗ ಅನ್ನುತ್ತಿತ್ತು, ಬಿಳಿ ಫಳಫಳ ಅನ್ನುತ್ತಿತ್ತು, ನಡುವೆ ಬರೀ ಕತ್ತಲೆ. ಎಲ್ಲಾ ಬಣ್ಣ ಮಸಿ ನುಂಗಿತು ಎಂದು ಗಾದೆ ಇದೆ. ನಮ್ಮ ಮನೆಯಲ್ಲಿ ಬಣ್ಣವೇ ಮಸಿಯನ್ನು ನುಂಗಿ ಕೂತಿತ್ತು.

ಕಾರಣ ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಟಿವಿಯಲ್ಲಿ ‘ವಿವಿಡ್’ ಎಂಬ ಒಂದು ಪಿಕ್ಚರ್ ಮೋಡ್ ಇದೆ. ಅಂಗಡಿಯ ಗಿಳಿ ಹಾರುವುದು ಅದರಲ್ಲೇ. ಬಣ್ಣವನ್ನೆಲ್ಲ ಉಬ್ಬಿಸಿ, ಕಪ್ಪನ್ನು ಇನ್ನಷ್ಟು ಕಪ್ಪು ಮಾಡಿ ತೋರಿಸುತ್ತದೆ. ಮಬ್ಬು ಫೋಟೋದಲ್ಲಿ ಕಂದು ಮತ್ತು ಕಪ್ಪು ಒಂದೇ ಆಗಿಬಿಡುತ್ತವೆ. (ಮೋಡ್ ಬದಲಿಸಬಹುದಿತ್ತಲ್ಲ ಎಂದು ಇಮೇಲ್ ಬರೆಯಲು ಹೊರಟ ಜಾಣರೇ, ತಡೆಯಿರಿ. ದಿನಾ ಬೆಳಗ್ಗೆ ನಾನು ಬದಲಿಸುತ್ತಿದ್ದೆ. ದಿನಾ ಸಂಜೆ ಅದು ವಾಪಸು ವಿವಿಡ್ ಆಗುತ್ತಿತ್ತು.)

ಯಾಕೆಂದರೆ ಧಾರಾವಾಹಿಯ ಸೊಸೆಯ ಸೀರೆ.

“ನೀ ಎಂತ ಮಾಡಿ ಇಡ್ತಿಯೇನ ಮಾರಾಯ್ತಿ, ಸೀರೆ ಬಣ್ಣ ಎಲ್ಲ ಸತ್ತೋದಂಗೆ ಐತೆ,” ಎಂದು ಗಿರಿಜಕ್ಕ ದೂರುತ್ತಿದ್ದಳು. ಮನೆಯವರು ರಿಮೋಟ್ ಒತ್ತಿ ಸೀರೆಗೆ ಜೀವ ಬರಿಸುತ್ತಿದ್ದರು. ಇದರಲ್ಲಿ ಗಿರಿಜಕ್ಕನ ತಪ್ಪೇನಿದೆ? ಸೀರೆ ಸೀರೆಯ ಹಾಗೆ ಕಾಣಲಿ ಎಂದು ಅವಳ ಆಸೆ. ಫೋಟೋ ಫೋಟೋದ ಹಾಗೆ ಕಾಣಲಿ ಎಂದು ನನ್ನದು. ಅಶ್ವಿನಿಯ ಕೆಲಸಕ್ಕೆ ಕೂತ ಬೆಳಗುಗಳಲ್ಲಿ ಮಾತ್ರ, ಎಳೆಗಳ ಗುಂಗಿನಲ್ಲಿ, ನಾನು ಮೋಡ್ ನೋಡುವುದನ್ನೇ ಮರೆತಿದ್ದೆ. ಒಂದು ಪರದೆಗೆ ಎರಡು ಆಸೆ ಗಂಟು ಹಾಕಿದ್ದರ ಫಲ, ತೀರಿಹೋದ ಒಬ್ಬ ಹೆಂಗಸಿನ ಕೈಬರಹದ ಅರ್ಧಭಾಗವನ್ನು ನಾನು ಅಳಿಸಿಹಾಕಿದ್ದೆ.

ಫೋನಿನಲ್ಲಿ ಆ ಹುಡುಗಿ ಬೈಯಲೂ ಇಲ್ಲ. “ಟೈಮ್ ಸಾಲದಿದ್ರೆ ಇರ್ಲಿ ಬಿಡಿ ಅಕ್ಕಾ,” ಅಂದಳು. ಬೈದಿದ್ದರೆ ವಾಸಿಯಿತ್ತು.

“ಇರ್ಲಿ ಬಿಡೋದಲ್ಲ. ಬರೆದೇ ಕೊಡ್ತೀನಿ,” ಅಂದೆ.

ಮನೆಯವರು ಸಂಜೆ ಬಂದಾಗ ಹೇಳಿದೆ. ಅವರು ಒಳ್ಳೆಯವರು, ಪರಿಹಾರ ತಕ್ಷಣ ಸಿಕ್ಕಿತು: “ಬೆಳಗ್ಗೆ ಕೂರುವ ಮೊದ್ಲು ಮೋಡ್ ನೋಡ್ಕಂಡ್ರೆ ಆತಪ್ಪ.” ಅಂದರೆ ನೋಡಿಕೊಳ್ಳಬೇಕಾದವಳು ನಾನು. ಮನೆಯ ಅರ್ಧ ಕೆಲಸ ಹೀಗೇ ಅಲ್ಲವೇ? ವಸ್ತು ಎಲ್ಲರದ್ದು, ಎಚ್ಚರ ಒಬ್ಬಳದ್ದು.

“ಇಲ್ಲ. ನಾಳೆ ಸಾಗರಕ್ಕೆ ಹೋಗ್ತೀನಿ,” ಅಂದೆ.

“ಶನಿವಾರ ಆದ್ರೆ ಶ್ರೀಧರನೂ ಬರ್ತಿದ್ದ.”

“ಅದಕ್ಕೇ ನಾಳೆ.”

ಹೀಗೆ ನಾನು ಒಬ್ಬಳೇ ಬಸ್ಸು ಹತ್ತಿದೆ. ಪರ್ಸಿನಲ್ಲಿ ಒಂದು ಪೆನ್ ಡ್ರೈವ್, ಅದರಲ್ಲಿ ಆ ಫೋಟೋ. ಈ ಸಲ ಬೇರೆ ಅಂಗಡಿ.

“ಮನೆಯವ್ರು ಬರ್ಲಿಲ್ವಾ ಮೇಡಂ?”

“ಇಲ್ಲ.”

“ಮಕ್ಕಳಿಗೆ ಗೇಮಿಂಗಿಗಾ?”

“ನನಗೆ. ಕೆಲಸಕ್ಕೆ.”

ಅವನು ಗಿಳಿ ಹಾಕಿದ. ನಾನು ಗಿಳಿ ತೆಗೆಸಿದೆ. ಅಲ್ಲಿಯವರೆಗಿನ ಕತೆ ನಿಮಗೆ ಗೊತ್ತು. ಮುಂದಿನದು ಇಷ್ಟು: ಪೆನ್ ಡ್ರೈವ್ ಕೊಟ್ಟು, ಇದನ್ನು ಒಂದೊಂದರಲ್ಲೂ ತೋರಿಸಿ ಅಂದೆ. ಅವನು ಮೊದಲು ತೋರಿಸಿದ್ದು ಬಿಲ್ಲಿನ ಹಾಗೆ ಬಾಗಿದ, ಹಿಂದೆ ದೀಪ ಮಿನುಗುವ ಮಾನಿಟರ್. ಕರಿ ಎಳೆ ಇಲ್ಲ. ಇನ್ನೊಂದು ಗಾಜಿನ ಹಾಗೆ ಹೊಳೆಯುತ್ತಿತ್ತು. ಅದರಲ್ಲಿ ಎಳೆಗಿಂತ ಚೆನ್ನಾಗಿ ನನ್ನ ಮುಖವೇ ಕಂಡಿತು. ಮೂಲೆಯಲ್ಲಿ ಇಪ್ಪತ್ತೇಳು ಇಂಚಿನದೊಂದು ಸುಮ್ಮನೆ ನಿಂತಿತ್ತು. ಅಂಥ ರೂಪವೇನಿಲ್ಲ. ಅದಕ್ಕೆ ಹಾಕಿಸಿದೆ. ಎಳೆಗಳು ಬಂದವು.

“ಇದ್ರಲ್ಲಿ ಫೋಟೋ ಸ್ವಲ್ಪ ಡಲ್ ಅನ್ಸುತ್ತೆ ಮೇಡಂ.”

“ಫೋಟೋನೇ ಡಲ್ ಇರೋದು. ಇದ್ದಂಗೇ ತೋರಿಸ್ತಿದೆ. ಇದನ್ನೇ ಕೊಡಿ.”

ಅವನಿಗೆ ನನ್ನ ಮೇಲೆ ಕನಿಕರ ಹುಟ್ಟಿದ್ದು ಮುಖದಲ್ಲೇ ಕಂಡಿತು.

ಯೋಚಿಸಿ ನೋಡಿ. ಬದನೆಕಾಯಿಯನ್ನು ನಾವು ತಿರುಗಿಸಿ ಮುರುಗಿಸಿ ತೊಟ್ಟು ಹಿಡಿದು ನೋಡಿ ಕೊಳ್ಳುತ್ತೇವೆ. ಹತ್ತು ವರ್ಷ ಕಣ್ಣೆದುರು ಇರುವ ಪರದೆಯನ್ನು ಮಾತ್ರ ಅಂಗಡಿಯವರ ಗಿಳಿ ನೋಡಿ ತರುತ್ತೇವೆ. ಎಷ್ಟು ಇಂಚು, ಎಷ್ಟು ಕೆ, ಎಷ್ಟು ಆ್ಯಪ್ ಎಂದು ಕೇಳುತ್ತೇವೆ. ಯಾರಿಗೆ, ಯಾವ ಕೆಲಸಕ್ಕೆ ಎಂದು ಕೇಳುವುದಿಲ್ಲ. ರೆಸಲ್ಯೂಷನ್ ಬೇಡ ಎನ್ನುತ್ತಿಲ್ಲ ನಾನು. ನಮ್ಮ ಟಿವಿ ಫೋರ್ ಕೆ ಹೌದು, ಧಾರಾವಾಹಿಗೆ ಬಹಳ ಒಳ್ಳೆಯದೇ. ನನ್ನ ಕೆಲಸಕ್ಕೆ ಮಾತ್ರ ಅದು ಊಟಕ್ಕಿಲ್ಲದ ಉಪ್ಪಿನಕಾಯಿ. ಮುಂದೆ ನೀವು ಹೋಗುವಾಗ ನಿಮ್ಮದೇ ಫೋಟೋ, ನಿಮ್ಮದೇ ಫೈಲು ತೆಗೆದುಕೊಂಡು ಹೋಗಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಮಾನಿಟರನ್ನು ಒಳಗಿನ ಕೋಣೆಯಲ್ಲಿಟ್ಟೆ. ಹಾಲಿನಲ್ಲಿ ಗಿರಿಜಕ್ಕ ಸೀರೆ ನೋಡಿದಳು, ನಾನು ಬಾಗಿಲು ಹಾಕಿಕೊಂಡು ಎಳೆ ನೋಡಿದೆ.

ಅಲ್ಲಿ ಕಂಡದ್ದನ್ನು ಹೇಳಲೇಬೇಕು. ಆ ತಾಯಿಯ ಕರಿ ಎಳೆ ಒಂದೇ ಸಮ ಇರಲಿಲ್ಲ. ನಾರಿನ ಕುಂಚ ಮತ್ತೆ ಅದ್ದಿದ ಕಡೆ ದಪ್ಪ, ಬಣ್ಣ ತೀರುತ್ತ ಬಂದ ಕಡೆ ಸಣ್ಣ. ಕೆಳಗಿನ ಮೂಲೆಯಲ್ಲಿ ಕೈ ಒಂಚೂರು ಅದುರಿದೆ. ಕೂತು ಕೂತು ಸೊಂಟ ನೋವು ಬಂದಿತ್ತೋ, ಮಗು ಬಂದು ಸೆರಗು ಎಳೆಯಿತೋ. ಆ ಅದುರನ್ನೂ ಹಾಗೇ ಬರೆದೆ. ಬರೆಯುತ್ತ ನನಗೆ ಅಳು ಬಂತು. ನಾನು ಕಂಡೇ ಇರದ ಹೆಂಗಸು ಆಕೆ.

ಕಳಿಸಿದೆ. ಅಶ್ವಿನಿ ಮಾಡಿದ ಮೆಸೇಜು ಇಷ್ಟೇ: “ಅವ್ವಂದೇ. ಪ್ರಿಂಟಿಗೆ ಕೊಡಿ ಅಕ್ಕಾ.”

ತೀರ್ಥಹಳ್ಳಿಯಲ್ಲಿ ಪ್ರಿಂಟಾಯಿತು. ಹೊಸನಗರದ ಛತ್ರದಲ್ಲಿ ಮದುವೆಗೆ ನಾವಿಬ್ಬರೂ ಹೋದೆವು. ಹಸೆಯ ಮೇಲೆ ಕೂರುವ ಮೊದಲು ಅಶ್ವಿನಿ ಒಂದು ಗಳಿಗೆ ನಿಂತು, ಸಭೆಗೆ ಬೆನ್ನು ಮಾಡಿ, ಬಟ್ಟೆಯ ಕೆಳಮೂಲೆಯನ್ನು ಬೆರಳಿನಿಂದ ಮುಟ್ಟಿದಳು. ಪುರೋಹಿತರು ಅವಸರ ಮಾಡಿದರೂ ಅವಳು ಅಲುಗಲಿಲ್ಲ.

ಮನೆಯವರು ಅದನ್ನೆಲ್ಲ ನೋಡುತ್ತಿದ್ದರು. ಊಟ ಮುಗಿಸಿ ಹೊರಟಾಗ ಬಹಳ ಮೆಚ್ಚಿಕೆಯಿಂದ, “ನಿನ್ನ ಮಾನಿಟರ್ ಭಾರಿ ಕ್ಲಿಯರ್ ಮಾರಾಯ್ತಿ. ಮ್ಯಾಚ್ ಇದ್ದಾಗ ಅದನ್ನ ಹಾಲಿಗೆ ತರಬಹುದಲ್ದಾ?” ಅಂದರು.

“ಆಗದಿಲ್ಲ,” ಅಂದೆ. “ಅದು ನನ್ನ ಕೆಲಸದ್ದು.”

ಅವರು ನನ್ನನ್ನೇ ನೋಡಿದರು. ನಮ್ಮ ಸಂಸಾರದಲ್ಲಿ ಆ ವಾಕ್ಯ ಮೊದಲ ಸಲ ಕೇಳಿಬಂದಿತ್ತು ಅನ್ನಿಸುತ್ತದೆ. ನಿಮ್ಮ ಮನೆಯಲ್ಲೂ ಒಮ್ಮೆ ಕಣ್ಣಾಡಿಸಿ: ಅಡುಗೆಮನೆಯಿಂದ ಆಚೆಗೆ, ಮನೆಯ ಹೆಂಗಸಿನ ಕೆಲಸಕ್ಕೆ ಅಂತಲೇ ಕೊಂಡ ವಸ್ತು ಒಂದಾದರೂ ಇದೆಯಾ?