ಹತ್ತು ಕಿಲೋ ಲೆಕ್ಕಕ್ಕಿಲ್ಲ

ಟನ್ನಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಲಾರಿ ಡ್ರೈವರುಗಳು ಅದನ್ನು ಕೇಳಿದವರಲ್ಲ, ಕೇಳಿದ್ದರೂ ಬಳಸುತ್ತಿರಲಿಲ್ಲ. ಹೆದ್ದಾರಿಯ ಪಕ್ಕ, ಜಲ್ಲಿ ಕ್ರಷರಿಗೂ ಸಿಮೆಂಟ್ ಗೋದಾಮಿಗೂ ನಡುವೆ, ಲಾರಿ ತೂಗುವ ವೇ ಬ್ರಿಡ್ಜ್ ಒಂದಿತ್ತು. ಅದರ ಮಗ್ಗುಲಿನ ಗಾಜಿನ ಕ್ಯಾಬಿನ್ನಿನಲ್ಲಿ ನಡೆಯುತ್ತಿತ್ತು ಟನ್ನಣ್ಣನ ಒಡ್ಡೋಲಗ. ಲಾರಿ ಖಾಲಿ ಬಂದಾಗ ಒಮ್ಮೆ ತೂಗಬೇಕು, ಜಲ್ಲಿ ತುಂಬಿ ಬಂದಾಗ ಇನ್ನೊಮ್ಮೆ ತೂಗಬೇಕು. ಎರಡರ ನಡುವಿನ ವ್ಯತ್ಯಾಸವೇ ಸರಕು, ಅವನು ಹೇಳಿದ್ದೇ ತೀರ್ಪು.

"ಟನ್ನಣ್ಣ, ಗಾಡೀಲಿ ನೀರಿನ ಕ್ಯಾನ್ ಇತ್ತು, ಅದನ್ನೂ ಸೇರಿಸಿ ತೂಗ್ಬಿಟ್ಯಲ್ಲ!" ಎಂದು ಯಾವನಾದರೂ ಡ್ರೈವರ್ ಕೊಸರಾಡಿದರೆ ಒಳಗಿನಿಂದ ಗುಡುಗು ಬರುತ್ತಿತ್ತು: "ಹತ್ತು ಕಿಲೋ ಎಲ್ಲ ಇಲ್ಲಿ ಲೆಕ್ಕಕ್ಕಿಲ್ಲ, ಹೋಗಯ್ಯಾ!"

ಗುಡುಗುವವನ ಆಕಾರವೂ ಗುಡುಗಿಗೆ ತಕ್ಕಂತೆ ಇತ್ತು. ಕ್ಯಾಬಿನ್ನಿನ ಕುರ್ಚಿ ಪ್ರತಿ ವರ್ಷ ಸೊಂಟ ಮುರಿದುಕೊಂಡು ನಿವೃತ್ತಿಯಾಗುತ್ತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಸಾಕು, ಟನ್ನಣ್ಣ ಲಾರಿ ಎಂಜಿನ್ನಿನಂತೆ ಏದುಸಿರು ಬಿಡುತ್ತಿದ್ದ. ನಿದ್ದೆಯಲ್ಲಿ ಉಸಿರೇ ನಿಂತು ನಿಂತು ಬರುತ್ತಿದೆಯೆಂದು ಹೆಂಡತಿ ಆಸ್ಪತ್ರೆಗೆ ಎಳೆದುಕೊಂಡು ಹೋಗಿದ್ದಳು. ತೂಕ ನೂರ ನಲವತ್ತಾರು. ಡಾಕ್ಟರಮ್ಮ ಸುತ್ತಿ ಬಳಸಿ ಮಾತನಾಡುವವರಲ್ಲ.

"ಆಪರೇಷನ್ ಮಾಡಿ ಹೊಟ್ಟೆ ಚೀಲ ಚಿಕ್ಕದು ಮಾಡೋಣ. ಇಲ್ಲದಿದ್ರೆ ನಿಮ್ಮ ಹೃದಯ ಬಹಳ ದಿನ ಈ ಭಾರ ಹೊರಲ್ಲ. ಆದ್ರೆ ಅದಕ್ಕೆ ಮುಂಚೆ ನೀವೇ ಹತ್ತು ಕಿಲೋ ಇಳಿಸ್ಕೊಂಡು ಬರ್ಬೇಕು. ನಿಮ್ಮ ಲಿವರ್ ಊದ್ಕೊಂಡು ಹೊಟ್ಟೆ ಮೇಲೇ ಮಲಗಿದೆ. ಅದು ಕುಗ್ಗದೆ ನಾನು ಕತ್ತರಿ ಹಿಡಿಯಲ್ಲ."

ಟನ್ನಣ್ಣ ಭೀಷಣ ಪ್ರತಿಜ್ಞೆ ಮಾಡಿದ. ಬನ್ನು, ಬಿಸ್ಕತ್ತು, ಚಿಪ್ಸು, ಹುರಿದ ಕಡಲೆಬೀಜ, ಎಲ್ಲವನ್ನೂ ರಾಜ್ಯದಿಂದ ಗಡೀಪಾರು ಮಾಡಿದ. ಮನೆಯಲ್ಲಿ ತೂಕದ ಯಂತ್ರವಿರಲಿಲ್ಲ. ಆದರೆ ಅರವತ್ತು ಟನ್ ತೂಗುವ ಮಹಾಯಂತ್ರವೇ ಕೈಕೆಳಗಿರುವಾಗ ಬಚ್ಚಲುಮನೆಯ ಆಟಿಕೆ ಯಾರಿಗೆ ಬೇಕು? ಬೆಳಗ್ಗೆ ಮೊದಲ ಲಾರಿ ಬರುವ ಮುನ್ನ ಚಪ್ಪಲಿ ಕಳಚಿ, ಉಕ್ಕಿನ ಹಲಗೆಯ ನಟ್ಟನಡುವೆ ಒಬ್ಬನೇ ಹೋಗಿ ನಿಂತ. ಹೊರಗಿನ ಕೆಂಪು ಬೋರ್ಡು ನೂರೈವತ್ತು ತೋರಿಸಿತು. ದಿನಾ ನೂರೈವತ್ತೇ. ಒಂದು ವಾರ ಬೇಯಿಸಿದ ತರಕಾರಿ ಅಗಿದು ಅಗಿದು ದವಡೆ ಸೋತಿತು. ಒಂದು ಬೆಳಗ್ಗೆ ಹಲಗೆಯೇರಿ ತಲೆಯೆತ್ತಿದವನು ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

ನೂರ ನಲವತ್ತು!

ಅಲ್ಲೇ ಎರಡು ಸುತ್ತು ಕುಣಿದ. ಹಲಗೆ ಅದನ್ನೂ ತೂಗಿತು. ಒಂದೇ ವಾರದಲ್ಲಿ ಹತ್ತು ಕಿಲೋ! ಗೆದ್ದ ಸೇನಾಪತಿ ಕೋಟೆ ಬಾಗಿಲು ತೆರೆಯುವ ಹಾಗೆ ಮೇಜಿನ ಡ್ರಾಯರ್ ತೆರೆದ. ಮೊದಲು ಒಂದೇ ಒಂದು ಬಿಸ್ಕತ್ತು. ಮರುದಿನ ತೂಗಿದರೆ ನೂರ ನಲವತ್ತೇ. ಪ್ಯಾಕೆಟ್ಟು ತಿಂದು ನೋಡಿದ, ಆಗಲೂ ನೂರ ನಲವತ್ತೇ. ಸರಿ, ತನ್ನ ದೇಹ ಸುಧಾರಿಸಿಬಿಟ್ಟಿದೆಯೆಂದು ತೀರ್ಮಾನಿಸಿ, ಗಡೀಪಾರಾದವರನ್ನೆಲ್ಲ ಒಬ್ಬೊಬ್ಬರಾಗಿ ಸಕಲ ಮರ್ಯಾದೆಯೊಂದಿಗೆ ಕರೆಸಿಕೊಂಡ.

ಮುಂದಿನ ಭೇಟಿಗೆ ಟನ್ನಣ್ಣ ಮದುವಣಿಗನಂತೆ ಹೊರಟ. ಆಸ್ಪತ್ರೆಯ ಯಂತ್ರ ಏರಿದ. ಡಾಕ್ಟರಮ್ಮ ಬಗ್ಗಿ ನೋಡಿ ಓದಿದರು: "ನೂರ ನಲವತ್ತನಾಲ್ಕೂವರೆ."

"ಏನು?" ಟನ್ನಣ್ಣ ಹೌಹಾರಿದ.

"ಒಂದೂವರೆ ಕಿಲೋ ಇಳಿದಿದೀರಿ."

"ಡಾಕ್ಟ್ರಮ್ಮ, ನಿಮ್ಮ ಮಿಷನ್ನಿಗೆ ಸೀಲ್ ಆಗಿದ್ಯಾ? ನಮ್ಮದಕ್ಕೆ ಪ್ರತಿ ವರ್ಷ ಆಫೀಸರೇ ಬಂದು ಪರೀಕ್ಷೆ ಮಾಡಿ ಸೀಲ್ ಹಾಕ್ತಾರೆ!"

"ನಿಮ್ಮದು ಅಂದ್ರೆ ಯಾವುದು?"

"ವೇ ಬ್ರಿಡ್ಜು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಲಾರಿ ತೂಗೋದ್ರಲ್ಲಿ ತೂಕ ನೋಡ್ಕೊಂಡ್ರಾ? ಅದು ಎಷ್ಟೆಷ್ಟಕ್ಕೆ ಲೆಕ್ಕ ತೋರ್ಸುತ್ತೆ?"

"ಹತ್ತತ್ತು ಕಿಲೋ..." ಎಂದ ಟನ್ನಣ್ಣ. ನೂರ ನಲವತ್ತೈದಕ್ಕೆ ಸ್ವಲ್ಪ ಮೇಲಿದ್ದರೆ ನೂರೈವತ್ತು, ಸ್ವಲ್ಪ ಕೆಳಗಿದ್ದರೆ ನೂರ ನಲವತ್ತು. ಇದನ್ನು ಅವನು ಸಾವಿರಾರು ಡ್ರೈವರುಗಳಿಗೆ ವಿವರಿಸಿದ್ದ. ತಾನು ಲಾರಿಯಲ್ಲ ಎಂಬುದೊಂದೇ ಮರೆತುಹೋಗಿತ್ತು.

ಪಕ್ಕದಲ್ಲಿ ಕೂತಿದ್ದ ಹೆಂಡತಿ ವೃತ್ತಿಯಲ್ಲಿ ದರ್ಜಿ. ಆಕೆಗೆ ಸಿಡಿಲು ಬಡಿದದ್ದು ಬೇರೆ ಕಡೆಯಿಂದ. "ಹತ್ತು ಕಿಲೋ ಇಳಿದ್ರಿ ಅಂತ ನಾನು ಎರಡು ಪ್ಯಾಂಟ್ ಬಿಚ್ಚಿ ಬಿಗಿ ಮಾಡಿದೀನಲ್ರೀ! ಹಾಕ್ಕೊಳ್ಳಕ್ಕೆ ಆಗ್ತಿಲ್ಲ, ಒಗೆದು ಕುಗ್ಗಿದೆ ಅಂದ್ರಿ!"

"ಕುಗ್ಗಿರ್ಬಹುದು ಅಂದ್ಕೊಂಡೆ ಕಣೇ..."

"ಅಂದ್ಕೊಳ್ತೀರಿ, ಅಂದ್ಕೊಳ್ತೀರಿ! ನನ್ನ ಹೊಲಿಗೆ ಮೇಲೇ ಅನುಮಾನ!"

"ಜಗಳ ಹೊರಗೆ ಆಡಿ," ಎಂದರು ಡಾಕ್ಟರಮ್ಮ. "ಆಪರೇಷನ್ ಮುಂದಕ್ಕೆ ಹೋಯ್ತು. ಮುಂದಿನ ಸಲವೂ ಹೀಗೇ ಬಂದ್ರೆ ನನ್ನ ಕೈಲಿ ಆಗಲ್ಲ ಅಂತ ಹೇಳ್ಬಿಡ್ತೀನಿ. ಮೊದಲು ನೀವು ಯಾವಾಗ ತಿಂತೀರಿ ಅಂತ ಕಂಡುಹಿಡೀರಿ."

"ಹಸಿವಾದಾಗ," ಎಂದ ಟನ್ನಣ್ಣ, ಪ್ರಾಮಾಣಿಕವಾಗಿ.

ಹೆಂಡತಿ ನಂಬಲಿಲ್ಲ. ಮರುದಿನ ಹೊಲಿಗೆಯ ಗಂಟು ಹೊತ್ತು ಕ್ಯಾಬಿನ್ನಿಗೇ ಬಂದು, ಮೂಲೆಯ ಸ್ಟೂಲಿನ ಮೇಲೆ ಠಾಣೆ ಹೂಡಿದಳು. ಬೆಳಗ್ಗೆಯಿಂದ ಲಾರಿಗಳ ಸಾಲೋ ಸಾಲು. ಟನ್ನಣ್ಣ ಕೂಗಿದ, ಗದರಿದ, ಗುಂಡಿ ಒತ್ತಿದ, ಚೀಟಿ ಹರಿದುಕೊಟ್ಟ. ಊಟದ ಡಬ್ಬಿಯ ಮುಚ್ಚಳ ಕೂಡ ತೆಗೆಯಲಿಲ್ಲ. ಇಷ್ಟು ಸಂಯಮಿ ಗಂಡನನ್ನು ಬೈದೆನಲ್ಲ ಎಂದು ಆಕೆಗೆ ಪಶ್ಚಾತ್ತಾಪವಾಗುವಷ್ಟರಲ್ಲಿ ಸಾಲು ಮುಗಿಯಿತು. ರಸ್ತೆ ಬರಿದಾಯಿತು. ಗೋಡೆಯ ಫ್ಯಾನು ಕಿರುಗುಟ್ಟಿತು. ಟನ್ನಣ್ಣ ಕಿಟಕಿಯಾಚೆ ನೋಡುತ್ತ ಕುಳಿತ.

"ರೀ, ಏನದು?"

"ಯಾವುದು?"

"ಕೈಯಲ್ಲಿ."

ಟನ್ನಣ್ಣ ತನ್ನ ಕೈ ನೋಡಿಕೊಂಡ. ಅದರಲ್ಲಿ ಅರ್ಧ ಬನ್ನಿತ್ತು. ಉಳಿದರ್ಧ ಬಾಯಲ್ಲಿತ್ತು. ಡ್ರಾಯರ್ ತೆರೆದದ್ದು, ಕೈ ಹಾಕಿದ್ದು, ಕಚ್ಚಿದ್ದು, ಯಾವುದೂ ಅವನ ಗಮನಕ್ಕೇ ಬಂದಿರಲಿಲ್ಲ. ಹಾವು ಕಂಡವನಂತೆ ಬನ್ನನ್ನು ಮೇಜಿನ ಮೇಲೆ ಬಿಸುಟ.

"ಇದ್ಯಾವಾಗ ಬಂತೇ?"

"ನನ್ನನ್ನ ಕೇಳ್ತೀರಲ್ಲ! ಹಸಿವಾಗಿತ್ತಾ?"

"ಇಲ್ಲ."

"ಮತ್ತೆ?"

ಟನ್ನಣ್ಣ ಬರಿದಾದ ರಸ್ತೆಯತ್ತ ತಿರುಗಿದ. "ಲಾರಿ ಬರಲಿಲ್ಲ," ಎಂದ.

ಇಬ್ಬರೂ ಬೆಪ್ಪಾಗಿ ಒಬ್ಬರನ್ನೊಬ್ಬರು ನೋಡಿದರು. ಇಪ್ಪತ್ತು ವರ್ಷ ಆ ಕುರ್ಚಿಯಲ್ಲಿ ಕೂತು ತಿಂದದ್ದೆಲ್ಲ ಹಸಿವಿಗಲ್ಲ, ಬೇಜಾರಿಗೆ. ಆ ಗುಡ್ಡದಂಥ ಹೊಟ್ಟೆ ಬಾರದ ಲಾರಿಗಳ ರಾಶಿ.

ಶತ್ರು ಯಾರೆಂದು ತಿಳಿದ ಮೇಲೆ ಯುದ್ಧ ಶುರುವಾಯಿತು. ಡ್ರಾಯರ್ ಖಾಲಿಯಾಯಿತು. ಕೈ ಮಾತ್ರ ಅಭ್ಯಾಸದಂತೆ ಹೋಗಿ, ಖಾಲಿ ಡ್ರಾಯರಿನಲ್ಲಿ ತಡಕಾಡಿ, ಅವಮಾನದಿಂದ ಹಿಂದಿರುಗುತ್ತಿತ್ತು. ಬೇಜಾರಾದಾಗ ಹೆಂಡತಿಗೆ ಫೋನ್ ಮಾಡುವುದೆಂದು ಮೊದಲ ಉಪಾಯ.

"ಏನ್ಮಾಡ್ತಿದೀಯ?"

"ಆಗ್ಲೇ ಕೇಳಿದ್ರಲ್ಲ, ಕಾಲರ್ ಹಚ್ತಿದೀನಿ."

"ಈಗ?"

"ಅದೇ ಕಾಲರ್! ರೀ, ನೀವು ತಿಂತಿದ್ದಾಗ್ಲೇ ನೆಮ್ಮದಿಯಾಗಿತ್ತು ನಂಗೆ!"

ಎರಡನೆಯ ಉಪಾಯ ಆಕೆಯದೇ. ಒಂದು ಮೂಟೆ ಅಂಗಿ, ಒಂದು ಡಬ್ಬಿ ಗುಂಡಿ, ಸೂಜಿ ದಾರ ಕೊಟ್ಟು ಕಳಿಸಿದಳು. ಎರಡೂ ಕೈಗೆ ಕೆಲಸ, ತಪ್ಪಿದರೆ ಸೂಜಿ ಚುಚ್ಚಿ ಎಚ್ಚರಿಸುತ್ತದೆ. ಮರುದಿನ ಲಾರಿಯನ್ನು ರಸ್ತೆಬದಿಗೆ ನಿಲ್ಲಿಸಿ ಬಂದ ಡ್ರೈವರ್ ಕಿಟಕಿಯಲ್ಲೇ ಕಲ್ಲಾದ. ಒಳಗೆ ಆ ಪರ್ವತ, ಕಣ್ಣು ಕಿರಿದು ಮಾಡಿ, ನಾಲಗೆ ಕಚ್ಚಿಕೊಂಡು, ಸೂಜಿಗೆ ದಾರ ಪೋಣಿಸುತ್ತಿತ್ತು.

"ಟನ್ನಣ್ಣ, ಏನಾಯ್ತು ನಿಂಗೆ? ಮನೇಲಿ ಎಲ್ಲ ಸರಿಯಾಗಿದೆ ತಾನೆ?"

"ಲಾರಿ ತಂದ್ಯೋ ಇಲ್ವೋ? ತಂದಿದ್ರೆ ಹಲಗೆ ಮೇಲೆ ನಿಲ್ಸು. ಇಲ್ದಿದ್ರೆ ಮಾತಾಡ್ಸಬೇಡ, ಗಂಟು ಬಿದ್ಹೋಗುತ್ತೆ."

ಅಂಗಿಗಳು ಸರಾಗವಾಗಿ ಮುಗಿದವೆಂದಲ್ಲ. ಕೆಲವಕ್ಕೆ ಗುಂಡಿ ಒಂದು ಕಡೆ, ಕಾಜಾ ಇನ್ನೊಂದು ಕಡೆ. ಒಮ್ಮೆ ತಾನು ತೊಟ್ಟ ಅಂಗಿಯ ತೋಳನ್ನೇ ಸೇರಿಸಿ ಹೊಲಿದುಕೊಂಡು, ಬಂದ ಲಾರಿಗೆ ಒಂದೇ ಕೈಯಲ್ಲಿ ತೀರ್ಪು ಕೊಟ್ಟ. ನಡುವೆ ಒಂದು ದಿನ ಸೋತು ಬೇಕರಿಗೂ ಹೋಗಿಬಂದ. ಆದರೂ ಕೊನೆಗೆ ಆಸ್ಪತ್ರೆಯ ಯಂತ್ರ, ಸೀಲ್ ಇಲ್ಲದಿದ್ದರೂ, ಡಾಕ್ಟರಮ್ಮ ಕೇಳಿದ ಅಂಕಿಗೆ ಬಂದು ನಿಂತಿತು. ಆಪರೇಷನ್ನಿನ ದಿನ ಗೊತ್ತಾಯಿತು.

ಆ ದಿನ ಟನ್ನಣ್ಣ ವಾರ್ಡಿನ ಮಂಚದ ಮೇಲೆ ಹಸಿರು ಗೌನು ತೊಟ್ಟು ಕುಳಿತಿದ್ದ. ಹೊಟ್ಟೆಗೆ ಏನೂ ಹೋಗಬಾರದು. ಹೋದರೆ ಅರಿವಳಿಕೆ ಕೊಟ್ಟಾಗ ಪ್ರಾಣಕ್ಕೇ ಕುತ್ತು ಎಂದು ನರ್ಸಮ್ಮ ಮೂರು ಸಲ ಹೇಳಿದ್ದಳು. ಹೆಂಡತಿ ಔಷಧಿ ತರಲು ಕೆಳಗೆ ಹೋಗಿದ್ದಳು. ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡಿದ್ದ ಮುದುಕರು ಮಲಗಿದ್ದರು. ಒಂದು ಕಾಲದಲ್ಲಿ ಬಸ್ ಕಂಡಕ್ಟರ್ ಆಗಿದ್ದವರು, ಈಗ ಗೊರಕೆಯಲ್ಲೇ ಸೀಟಿ ಊದುತ್ತಿದ್ದರು. ಥಿಯೇಟರಿನಲ್ಲಿ ಮೊದಲಿನ ಆಪರೇಷನ್ ಮುಗಿದಿರಲಿಲ್ಲ. ಕಾಯುವುದೊಂದೇ ಕೆಲಸ. ಬಿಳಿ ಗೋಡೆ, ಬಿಳಿ ಪರದೆ.

"ಓಯ್!" ಎಂದರು ಕಂಡಕ್ಟರಜ್ಜ, ಕಣ್ಣು ಬಿಟ್ಟು. "ಅದು ನನ್ನ ಬಿಸ್ಕತ್ತು!"

ಟನ್ನಣ್ಣ ನೋಡಿದ. ತುಟಿಗೆ ಎರಡು ಬೆರಳು ದೂರದಲ್ಲಿ ಬಿಸ್ಕತ್ತು ನಿಂತಿತ್ತು. ಹಿಡಿದಿದ್ದ ಕೈ ಅವನದೇ. ಬಿಸ್ಕತ್ತನ್ನು ಅಜ್ಜನ ತಟ್ಟೆಗೆ ಎಸೆದು ಗಂಟೆ ಒತ್ತಿದವನು ಒತ್ತುತ್ತಲೇ ಉಳಿದ.

ನರ್ಸಮ್ಮ ಓಡಿ ಬಂದಳು. "ಏನಾಯ್ತು? ತಿಂದ್ರಾ?"

"ಇಲ್ಲಮ್ಮ. ತಿಂದಿಲ್ಲ. ಆದ್ರೆ ಕೈ ಹೊರಟಿತ್ತು, ನನ್ನನ್ನ ಕೇಳ್ದೇನೆ! ನಂಗೆ ಏನಾದ್ರೂ ಕೆಲಸ ಕೊಡಮ್ಮ, ಕೈ ಮುಗೀತೀನಿ."

"ಆಪರೇಷನ್‌ಗೆ ಬಂದಿರೋ ಪೇಷಂಟು ನೀವು!"

"ಕೊಡಮ್ಮ ತಾಯಿ," ಎಂದರು ಕಂಡಕ್ಟರಜ್ಜ. "ಇಲ್ದಿದ್ರೆ ನನ್ನ ಹಾಸಿಗೇನೂ ಉಳಿಯಲ್ಲ."

ನರ್ಸಮ್ಮ ಅವನ ಮುಖ ನೋಡಿದಳು. ತಮಾಷೆಯಲ್ಲವೆಂದು ಗೊತ್ತಾಯಿತು. ಬಿಸ್ಕತ್ತಿನ ತಟ್ಟೆ ತೆಗೆದುಕೊಂಡು ಹೋಗಿ, ಒಗೆದು ಬಂದ ದಿಂಬಿನ ಕವರುಗಳ ದೊಡ್ಡ ರಾಶಿಯನ್ನು ತಂದು ಮಂಚದ ಮೇಲೆ ಸುರಿದಳು. ಟನ್ನಣ್ಣ ಮಡಚತೊಡಗಿದ. ಅಂಚಿಗೆ ಅಂಚು, ಮೂಲೆಗೆ ಮೂಲೆ.

ಹೆಂಡತಿ ಔಷಧಿ ಹಿಡಿದು ಬಾಗಿಲಲ್ಲಿ ನಿಂತೇಬಿಟ್ಟಳು. ಅವಳ ಹಿಂದೆಯೇ ಸ್ಟ್ರೆಚರ್ ತಳ್ಳಿಕೊಂಡು ವಾರ್ಡ್‌ಬಾಯ್ ಬಂದ.

"ಬನ್ನಿ ಸಾರ್, ಥಿಯೇಟರ್ ಖಾಲಿಯಾಯ್ತು."

"ತಡಿಯಪ್ಪ," ಎಂದ ಟನ್ನಣ್ಣ ತಲೆಯೆತ್ತದೆ. "ಇನ್ನೆರಡೇ ಇದೆ."