ಪೆನ್ಸಿಲ್ ಗೆರೆ, ಶಾಯಿ ಗೆರೆ

ಎಪ್ಪತ್ತರ ದಶಕದಲ್ಲಿ ನಾನು ಕಲ್ಕತ್ತೆಯ ಪ್ರಯೋಗಾಲಯವೊಂದರಲ್ಲಿ ಟೈಪಿಸ್ಟ್ ಆಗಿದ್ದೆ. ಅಲ್ಲಿ ಉಡುಪಿ ಕಡೆಯ ವಿಜ್ಞಾನಿಯೊಬ್ಬರು ಬೂಸ್ಟು ಹೇಗೆ ಹಬ್ಬುತ್ತದೆಂದು ಲೆಕ್ಕ ಹಾಕುತ್ತಿದ್ದರು. ಗಾಜಿನ ತಟ್ಟೆಯ ಬೂಸ್ಟು ನಾಳೆ ಎಲ್ಲಿಗೆ ಮುಟ್ಟೀತೆಂದು ಸಂಜೆ ಗ್ರಾಫ್ ಹಾಳೆಯಲ್ಲಿ ಪೆನ್ಸಿಲ್ ಗೆರೆ ಎಳೆಯುವರು. ಬೆಳಿಗ್ಗೆ ಅದು ನಿಜಕ್ಕೂ ಮುಟ್ಟಿದಲ್ಲಿ ಶಾಯಿ ಗೆರೆ. ಏನು ಕೇಳಿದರೂ, "ಕಾಯುವ, ಅದೇ ಹೇಳ್ತದೆ" ಎನ್ನುವರು.

ಒಂದೇ ತಟ್ಟೆಯಲ್ಲಿ ಬೆಳೆಸಿದರೆ ಕರಿ ಬೂಸ್ಟು ಬಿಳಿಯದನ್ನು ನುಂಗುತ್ತದೆಂದು ಅವರ ಸೂತ್ರ. ಆ ಸೂತ್ರದ ಲೇಖನ ಅಂಚೆಗೆ ಹೋಗುವ ದಿನ ನೋಡಿದರೆ, ಕೊನೆಯ ತಟ್ಟೆಯಲ್ಲಿ ಎರಡೂ, ನಡುವೆ ಉಗುರಗಲ ಜಾಗ ಬಿಟ್ಟು ನಿಂತಿದ್ದವು.

"ಒಂದೇ ತಟ್ಟೆ ಅಲ್ವಾ ಸರ್, ಬಿಟ್ಟುಬಿಡಿ," ಎಂದೆ.

ಅವರು ಅಂಟಿಸಿದ್ದ ಲಕೋಟೆ ಹರಿದು ಹಾಳೆಗಳನ್ನು ಹೊರತೆಗೆದರು. ಲೋಡ್‌ಶೆಡಿಂಗ್ ಆಗಿತ್ತು. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಕರೆದರು.

"ನೋಡಿ ಮಾರಾಯ್ರೆ, ಎಷ್ಟು ಚಂದ ತಪ್ಪಿದ್ದೇನೆ."